ಘಟ್ಟ ಇಳಿಸುವ ಕಸುಬು

ಶೃಂಗೇರಿಯಿಂದ ನೆಮ್ಮಾರು, ಕೆರೆಕಟ್ಟೆ ಹಾದು ಕಾರ್ಕಳದ ಕಡೆ ಹೊರಟ ಗಾಡಿಗೆ ಎಸ್.ಕೆ. ಬಾರ್ಡರ್ ದಾಟಿದ ಮೇಲೆ ಇಂಜಿನ್ನಿನ ಹಂಗು ಹೆಚ್ಚಿಲ್ಲ. ಅಲ್ಲಿಂದ ಮಾಳದ ತನಕ ಇಳಿಜಾರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ಎರಡೂ ಕಡೆಯಿಂದ ಕವಿದು ಮಧ್ಯಾಹ್ನಕ್ಕೇ ಹೆಡ್‌ಲೈಟು ಬೇಡುವ ರಸ್ತೆ. ಮಳೆ ಹಿಡಿಯಿತೆಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟಾರು ಒಣಗುವುದೇ ಅಪರೂಪ. ಹೆಸರಿಗೆ ರಾಷ್ಟ್ರೀಯ ಹೆದ್ದಾರಿ 169. ಓಡಿಸುವವರಿಗೆ ಮಾತ್ರ ಅದು ಇವತ್ತಿಗೂ ಘಾಟಿ.

ಈ ಘಾಟಿಯಲ್ಲಿ ಹಳೆ ಗಾಡಿಯ ಹಿಂದೆ ಸಿಕ್ಕಿಕೊಂಡವರಿಗೆ ಒಂದು ವಾಸನೆ ಚೆನ್ನಾಗಿ ಗೊತ್ತು. ಬ್ರೇಕ್ ಲೈನರ್ ಸುಟ್ಟ ವಾಸನೆ. ಅದು ಮೂಗಿಗೆ ಬಡಿದಾಗ ಅನುಭವಸ್ಥರು ಅಂತರ ಬಿಡುತ್ತಾರೆ, ಇಲ್ಲವೇ ಹಾರ್ನ್ ಹೊಡೆದು ಮುಂದಿನವನನ್ನು ಪಕ್ಕಕ್ಕೆ ನಿಲ್ಲಿಸುತ್ತಾರೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲುವ ಮನಸ್ಸು ಮಾಡದ ಆ ಕೆಲವು ಕ್ಷಣಗಳನ್ನು ಅನುಭವಿಸಿದವರು ಮಲೆನಾಡಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅಂಥವರಲ್ಲಿ ಕೆಲವರು ಗಾಡಿ ಮಾರುತ್ತಾರೆ. ಉಳಿದವರು ಕೊಪ್ಪದ ಕಡೆಯ ಒಬ್ಬ ಮೇಸ್ತ್ರಿಯನ್ನು ಹುಡುಕಿಕೊಂಡು ಹೋಗುತ್ತಾರೆ.

ಹೆಸರು ಹಾಕಬೇಡಿ ಎಂಬುದು ಅವರ ಮೊದಲ ಷರತ್ತು. ಪತ್ರಿಕೆಯಲ್ಲಿ ಬಂದರೆ ಬೆಂಗಳೂರಿನ ಹುಡುಗರೆಲ್ಲ ಗಾಡಿ ತಂದು ನಿಲ್ಲಿಸುತ್ತಾರೆ, ಸೈಲೆನ್ಸರ್ ಬದಲಾಯಿಸಿ ಅನ್ನುತ್ತಾರೆ ಎಂಬ ಹೆದರಿಕೆ. ಸದ್ದು ಹೆಚ್ಚಿಸುವ ಕೆಲಸವನ್ನು ಅವರು ಮಾಡುವುದಿಲ್ಲ. ಅವರ ಕೆಲಸ ಒಂದೇ: ಹಳೆ ಜೀಪು, ಜಿಪ್ಸಿ, ಕಾರುಗಳ ಮುಂದಿನ ಚಕ್ರಕ್ಕೆ ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಬ್ರೇಕ್ ಡಿಸ್ಕ್ ಕೂರಿಸುವುದು. ಇಂಥ ಡಿಸ್ಕ್ ಪೊಟ್ಟಣದಲ್ಲಿ ಸಿಗುವುದಿಲ್ಲ. ಬೇರೆ ಯಾವುದೋ ಭಾರದ ಗಾಡಿಯ ಡಿಸ್ಕ್ ತಂದು, ಲೇತಿಗೆ ಕಟ್ಟಿ ಮಧ್ಯದ ತೂತನ್ನು ಹಬ್ಬಿನ ಅಳತೆಗೆ ಹಿಗ್ಗಿಸಬೇಕು ಅಥವಾ ಬುಷ್ ಹಾಕಿ ಕುಗ್ಗಿಸಬೇಕು, ಬೋಲ್ಟಿನ ತೂತುಗಳನ್ನು ಹೊಸದಾಗಿ ಕೊರೆಯಬೇಕು, ಕ್ಯಾಲಿಪರನ್ನು ಹೊರಕ್ಕೆ ಸರಿಸಿ ಹಿಡಿಯಲು ಉಕ್ಕಿನ ತಟ್ಟೆಯಲ್ಲಿ ಬ್ರಾಕೆಟ್ ಕಡಿಯಬೇಕು. ಒಂದು ಗಾಡಿಗೆ ಮಾಡಿದ್ದು ಇನ್ನೊಂದಕ್ಕೆ ಆಗುವುದಿಲ್ಲ.

ನಾನು ಹೋದದ್ದು ಡಿಸ್ಕ್ ನೋಡಲು. ಸಿಕ್ಕಿದ್ದು ಒಂದು ನೋಟ್‌ಬುಕ್. ರಟ್ಟು ಕಿತ್ತು, ಗ್ರೀಸಿನ ಬೆರಳಚ್ಚು ತುಂಬಿದ ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ಪ್ರತಿ ಗಾಡಿಗೊಂದು ಪುಟ: ಹಬ್ಬಿನ ವ್ಯಾಸ, ಬೋಲ್ಟ್ ವೃತ್ತದ ಅಳತೆ, ರಿಮ್ಮಿನ ಒಳಮೈಗೂ ಕ್ಯಾಲಿಪರಿಗೂ ಉಳಿಯುವ ಸಂದು, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬ್ರೇಕ್ ಹೋಸ್ ಎಷ್ಟು ಎಳೆಯುತ್ತದೆ ಎಂಬುದು. ಅರ್ಧ ಇಂಚಿನಲ್ಲಿ, ಅರ್ಧ ಮಿಲಿಮೀಟರಿನಲ್ಲಿ. ವಿಲ್ಲೀಸ್ ಜೀಪಿನ ಪುಟದ ಪಕ್ಕದಲ್ಲೇ ಜಿಪ್ಸಿಯ ಪುಟ ಬಂದಿರುವುದಕ್ಕೆ ಕಾರಣ ಇದೆ. ಅಮೆರಿಕದ ಆ ಯುದ್ಧಕಾಲದ ಜೀಪಿಗೂ ಜಪಾನಿನ ಸುಜುಕಿ ವಿನ್ಯಾಸದ ಜಿಪ್ಸಿಗೂ ಚಕ್ರದ ಬೋಲ್ಟ್ ವೃತ್ತ ಒಂದೇ: ಐದು ಬೋಲ್ಟು, ಐದೂವರೆ ಇಂಚು, ಅಂದರೆ 139.7 ಮಿಲಿಮೀಟರ್. ಇದನ್ನು ಮೇಸ್ತ್ರಿ ಯಾರಿಂದಲೂ ಕೇಳಿ ತಿಳಿದದ್ದಲ್ಲ. ಒಂದು ಮಳೆಗಾಲ ತೋಟದ ಜೀಪಿನ ಚಕ್ರ ಜಿಪ್ಸಿಗೆ ಕೂತದ್ದು ಕಂಡು ಅಳತೆ ಹಿಡಿದರಂತೆ.

ಕೆಲವು ಪುಟಗಳಿಗೆ ಅಡ್ಡಗೆರೆ ಎಳೆದಿದ್ದಾರೆ. ಅವು ಒಪ್ಪದೆ ವಾಪಸು ಕಳಿಸಿದ ಗಾಡಿಗಳು. ಕಾರಣವನ್ನೂ ಪಕ್ಕದಲ್ಲಿ ಗೀಚಿದ್ದಾರೆ: ನಕಲ್ ಸವೆದಿದೆ, ಬೇರಿಂಗ್ ಸಡಿಲ, ಚಾಸಿ ತುಕ್ಕು, ಮಾಲೀಕ ಹಿಂದಿನ ಬ್ರೇಕ್ ಮಾಡಿಸಲು ತಯಾರಿಲ್ಲ. ಕೊನೆಯ ಕಾರಣಕ್ಕೆ ಹೊಡೆದ ಗೆರೆಗಳೇ ಹೆಚ್ಚು ಕಂಡವು.

ಮೇಸ್ತ್ರಿ ಕಸುಬು ಕಲಿತದ್ದು ಬಸ್ಸುಗಳ ಕೆಳಗೆ ಮಲಗಿ. ಕೊಪ್ಪ ಒಂದು ಕಾಲಕ್ಕೆ ಬಸ್ಸಿನ ಊರು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿ ನಿಂತಾಗ ಅದರ ಕಾರ್ಮಿಕರೇ ಕೂಡಿಕೊಂಡು 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. ಚಾಲಕ, ಕಂಡಕ್ಟರ್, ಮೆಕ್ಯಾನಿಕ್ ಎಲ್ಲರೂ ಮಾಲೀಕರಾಗಿದ್ದ ಆ ಸಂಸ್ಥೆ 2020ರಲ್ಲಿ ಓಡಾಟ ನಿಲ್ಲಿಸಿತು. ಘಟ್ಟದ ಬಸ್ಸಿಗೆ ಬ್ರೇಕ್ ಹೊಂದಿಸಿದವನಿಗೆ ಕಾರಿನದು ಆಟಿಕೆ ಎಂಬುದು ಮೇಸ್ತ್ರಿಯ ಅಭಿಪ್ರಾಯ. ಆ ತಲೆಮಾರಿನ ಮೆಕ್ಯಾನಿಕ್‌ಗಳು ಪೆಡಲಿನ ಮೇಲೆ ಕಾಲಿಟ್ಟೇ ಯಾವ ಚಕ್ರದಲ್ಲಿ ಎಣ್ಣೆ ಸೋರುತ್ತಿದೆ ಎಂದು ಹೇಳುತ್ತಿದ್ದರು ಎನ್ನುತ್ತಾರೆ. ನಂಬಬಹುದು, ಸ್ವಲ್ಪ ತೂಕ ಇಳಿಸಿ.

ಇತಿಹಾಸವನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು. ಯುದ್ಧ ಮುಗಿದ ಮೇಲೆ ಮಿಲಿಟರಿ ಹರಾಜಿನ ಜೀಪುಗಳು ತೋಟಗಳಿಗೆ ಬಂದವು, ಅವುಗಳ ಡ್ರಮ್ 9 ಇಂಚಿನದು. ಸಾಲದು ಎಂದವರು 11 ಇಂಚಿನ ಡ್ರಮ್ ಹುಡುಕಿ ಹಾಕಿದರು. ದೊಡ್ಡ ಬ್ರೇಕಿನ ಆಸೆ ಅಲ್ಲಿಂದಲೇ ಇದೆ. ನಾನು ಸೇರಿಸಬಹುದಾದದ್ದು ಇಷ್ಟು: ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ಪಡೆದದ್ದು 1902ರಲ್ಲಿ. ಅವರ ತಾಮ್ರದ ಪ್ಯಾಡುಗಳು ಕಿರುಚುತ್ತಿದ್ದವು, ಬೇಗ ಸವೆಯುತ್ತಿದ್ದವು. ಐವತ್ತು ವರ್ಷ ಕಳೆದು 1953ರಲ್ಲಿ ಡಿಸ್ಕ್ ಹಾಕಿದ ಜಾಗ್ವಾರ್ ಲ ಮಾನ್‌ನ 24 ತಾಸಿನ ರೇಸ್ ಗೆದ್ದಿತು, ಎರಡು ವರ್ಷಕ್ಕೆ ಫ್ರಾನ್ಸಿನ ಸಿಟ್ರೊಯೆನ್ ಡಿಎಸ್ ಕಾರಿಗೆ ಬಂತು. ನಮ್ಮ ಪ್ರೀಮಿಯರ್ ಪದ್ಮಿನಿ ಮಾತ್ರ ಡ್ರಮ್ಮಿನಲ್ಲೇ ಹುಟ್ಟಿ ಡ್ರಮ್ಮಿನಲ್ಲೇ ಮುಗಿಯಿತು.

ಡ್ರಮ್ ಎಂದರೆ ಮುಚ್ಚಳ ಹಾಕಿದ ಪಾತ್ರೆ. ಒಳಗೆ ಹುಟ್ಟಿದ ಬಿಸಿ ಒಳಗೇ ಉಳಿಯುತ್ತದೆ. ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಎಷ್ಟು ಬಿಸಿ ಎಂಬುದಕ್ಕೊಂದು ಲೆಕ್ಕ ಹಾಕೋಣ. ಜನ, ಸಾಮಾನು ಸೇರಿ 1,400 ಕೆ.ಜಿ. ತೂಗುವ ಗಾಡಿ 500 ಮೀಟರ್ ಇಳಿಯಿತು ಎನ್ನಿ. ಕೆಳಗೆ ತಲುಪುವಷ್ಟರಲ್ಲಿ ಸುಮಾರು 69 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. 20 ಲೀಟರ್ ತಣ್ಣೀರು ಕುದಿ ಹತ್ತಲು ಬೇಕಾದ ಶಾಖಕ್ಕಿಂತ ಅದು ಹೆಚ್ಚು. ಸೆಕೆಂಡ್ ಗೇರಿನಲ್ಲಿ ಇಳಿಸುವವನು ಅದರ ದೊಡ್ಡ ಪಾಲನ್ನು ಇಂಜಿನ್ನಿಗೆ ಹೊರಿಸುತ್ತಾನೆ. ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸಲು ಹೊರಟವನದು ಪೂರ್ತಿ ನಾಲ್ಕು ಚಕ್ರದ ಕಬ್ಬಿಣಕ್ಕೆ, ಅದರಲ್ಲೂ ಹೆಚ್ಚಿನದು ಮುಂದಿನ ಎರಡಕ್ಕೆ ಬೀಳುತ್ತದೆ.

ಆದ್ದರಿಂದ ದೊಡ್ಡ ಡಿಸ್ಕ್ ಹಾಕಿದರೆ ಗಾಡಿ ತಟ್ಟನೆ ನಿಲ್ಲುತ್ತದೆ ಎಂಬುದು ಅರೆಸತ್ಯ. ಟೈರಿಗೆ ರಸ್ತೆಯ ಮೇಲೆ ಎಷ್ಟು ಹಿಡಿತವಿದೆಯೋ ಅಷ್ಟೇ ಬ್ರೇಕ್. ಚಕ್ರ ಲಾಕ್ ಆಗುವಷ್ಟು ಬಲ ಮೊದಲೇ ಇದ್ದರೆ ಇನ್ನೂ ದೊಡ್ಡ ಡಿಸ್ಕಿನಿಂದ ಒಂದು ಸಲದ ನಿಲುಗಡೆ ಒಂದಡಿಯೂ ಕಡಿಮೆ ಆಗದು. ಲಾಭ ಕಾಣುವುದು ಹತ್ತನೇ ತಿರುವಿನಲ್ಲಿ. ವ್ಯಾಸ ಹೆಚ್ಚಿದಷ್ಟೂ ಅದೇ ಒತ್ತಡಕ್ಕೆ ಹೆಚ್ಚು ತಿರುಚುಬಲ ಸಿಗುತ್ತದೆ; ಲೋಹದ ತೂಕ ಹೆಚ್ಚಿದಷ್ಟೂ ಅದೇ ಬಿಸಿಗೆ ಕಡಿಮೆ ಕಾಯುತ್ತದೆ; ಎರಡು ಪದರದ ನಡುವೆ ಗಾಳಿಗಂಡಿ ಇರುವ ಡಿಸ್ಕಾದರೆ ಬೇಗ ಆರುತ್ತದೆ. ಜಿಪ್ಸಿಯದು ಒಂದೇ ಪದರದ ತೆಳು ಡಿಸ್ಕ್. ವಿದೇಶದಲ್ಲಿ ಅದೇ ಗಾಡಿಯನ್ನು ಸಮುರಾಯ್ ಎಂಬ ಹೆಸರಿನಲ್ಲಿ ಕೊಂಡವರು ವಿಟಾರಾದ ಗಾಳಿಗಂಡಿಯ ಡಿಸ್ಕ್ ತಂದು ಹಾಕಿಕೊಳ್ಳುವುದು ಹಳೆಯ ರೂಢಿ. ಇಲ್ಲಿ ಸಿಕ್ಕಿದ್ದರಲ್ಲಿ ಹೊಂದಿಸಬೇಕು.

ಹೊಂದಿಸುವಾಗ ಮೇಸ್ತ್ರಿ ಅತಿ ಹೆಚ್ಚು ಹೊತ್ತು ಕಳೆಯುವುದು ಡಯಲ್ ಗೇಜಿನ ಮುಂದೆ. ಹಬ್ಬಿಗೆ ಬಿಗಿದ ಡಿಸ್ಕನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಮುಳ್ಳು ಎಷ್ಟು ಅಲುಗುತ್ತದೆ ನೋಡುತ್ತಾರೆ. 0.05 ಮಿಲಿಮೀಟರ್ ಮೀರಿದರೆ ಬಿಚ್ಚಿ, ಒರೆಸಿ, ಒಂದು ಬೋಲ್ಟ್ ಸರಿಸಿ ಮತ್ತೆ ಕಟ್ಟುತ್ತಾರೆ. ತುಕ್ಕಿನ ಒಂದು ಹಕ್ಕಳೆ ಹಬ್ಬಿನ ಮೇಲೆ ಉಳಿದರೂ ಮುಳ್ಳು ಹೇಳಿಬಿಡುತ್ತದೆ. ನೋಡುತ್ತ ಕೂತವರಿಗೆ ಬೇಸರ ಬರುವ ಕೆಲಸ. ಟೀ ಎರಡು ಸಲ ಬಂತು, ಮುಳ್ಳು ಇನ್ನೂ ಒಪ್ಪಿರಲಿಲ್ಲ. ತೂತು ಕೊರೆದ ಚಂದದ ಡಿಸ್ಕ್ ಕೇಳುವವರಿಗೆ ಅವರು ಬಿರುಕು ಬಿಟ್ಟದ್ದೊಂದನ್ನು ಗೋಡೆಯಿಂದ ಇಳಿಸಿ ತೋರಿಸುತ್ತಾರೆ. ಬಿರುಕು ಹೊರಟಿದ್ದು ತೂತಿನ ಅಂಚಿನಿಂದಲೇ.

ಡಿಸ್ಕ್ ದೊಡ್ಡದಾದರೆ ಮುಗಿಯಿತು ಎಂದುಕೊಂಡವರು ಪೇಟೆಯಲ್ಲಿ ಬಹಳ. ಡ್ರಮ್ಮಿನ ಶೂ ತಾನೇ ತನ್ನನ್ನು ಒತ್ತಿಕೊಂಡು ಚಾಲಕನ ಕಾಲಿಗೆ ನೆರವಾಗುತ್ತದೆ, ಡಿಸ್ಕಿನ ಪ್ಯಾಡಿಗೆ ಆ ಗುಣ ಇಲ್ಲ. ಆದ್ದರಿಂದ ಡ್ರಮ್ ತೆಗೆದ ಜೀಪಿಗೆ ಬೂಸ್ಟರ್ ಬೇಕು. ದೊಡ್ಡ ಪಿಸ್ಟನ್ನಿನ ಕ್ಯಾಲಿಪರ್ ಹೆಚ್ಚು ಆಯಿಲ್ ಕುಡಿಯುತ್ತದೆ, ಹಳೆ ಮಾಸ್ಟರ್ ಸಿಲಿಂಡರ್ ಅಷ್ಟು ಕೊಡಲಾರದೆ ಪೆಡಲ್ ಆಳಕ್ಕೆ ಹೋಗುತ್ತದೆ. ಡ್ರಮ್ ವ್ಯವಸ್ಥೆಯ ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುವ ಸಣ್ಣ ವಾಲ್ವ್ ಒಂದಿರುತ್ತದೆ. ಅದನ್ನು ತೆಗೆಯದೆ ಡಿಸ್ಕ್ ಕಟ್ಟಿದರೆ ಪ್ಯಾಡು ಸದಾ ಉಜ್ಜುತ್ತ ಕೆರೆಕಟ್ಟೆ ಮುಟ್ಟುವ ಮೊದಲೇ ಹೊಗೆ. ಮುಂದೆ ಬಲ ಹೆಚ್ಚಿಸಿ ಹಿಂದಿನದನ್ನು ಹಾಗೇ ಬಿಟ್ಟರೆ ಸಮತೋಲ ಕೆಡುತ್ತದೆ. ನೋಟ್‌ಬುಕ್ಕಿನ ಅಡ್ಡಗೆರೆಗಳ ಅರ್ಥ ಇದು.

ಆಯಿಲ್ ವಿಷಯಕ್ಕೆ ಅವರು ಜಗಳವನ್ನೇ ಆಡುತ್ತಾರೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತೇವಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಡಾಟ್ 3 ದರ್ಜೆಯದು ಹೊಸತಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ತೇವ ಕುಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಕುದ್ದ ಆಯಿಲಿನಲ್ಲಿ ಆವಿಯ ಗುಳ್ಳೆ ಎದ್ದರೆ ಎಂಥ ಡಿಸ್ಕಿದ್ದರೂ ಕಾಲು ನೆಲಕ್ಕೆ ತಾಗುತ್ತದೆ. ಮಳೆಗಾಲ ಮುಗಿದ ಮೇಲೆ ಆಯಿಲ್ ಬದಲಾಯಿಸಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ ಎಂದು ಹೇಳಿ ಬಂದ ಗಿರಾಕಿಯನ್ನೇ ಕಳಿಸಿದ್ದೂ ಉಂಟು.

ಪ್ಯಾಡು ಪಳಗಿಸುವುದು, ಕ್ಯಾಲಿಪರಿನ ಪಿನ್ನಿಗೆ ಗ್ರೀಸು, ಇವೆಲ್ಲ ಇವೆ. ಮೇಸ್ತ್ರಿ ಅವನ್ನು ಹುಡುಗರಿಗೆ ಬಿಡುತ್ತಾರೆ.

ಕೆರೆಕಟ್ಟೆ ರಸ್ತೆಯಲ್ಲಿ ನಿಂತು ಈ ಕಬ್ಬಿಣದ ಮಾತಾಡುವಾಗ ಒಂದು ವಿಚಾರ ಬಿಡಲಾಗುವುದಿಲ್ಲ. ಎಸ್.ಕೆ. ಬಾರ್ಡರಿನಲ್ಲಿ ಇನ್ನೊಂದು ದಾರಿ ಹಿಡಿದರೆ ಕುದುರೆಮುಖ. ಅಲ್ಲಿನ ಅದಿರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಇಳಿಯುತ್ತಿತ್ತು, ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಇದೇ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಅದಿರಿನಿಂದ ಭದ್ರಾವತಿ 1923ರಿಂದ ಬೀಡುಕಬ್ಬಿಣ ತೆಗೆದಿತ್ತು. ಬ್ರೇಕ್ ಡಿಸ್ಕು ಮೂಲದಲ್ಲಿ ಬೂದು ಎರಕದ ಕಬ್ಬಿಣ. ಒಳಗಿನ ಗ್ರ್ಯಾಫೈಟ್ ಚಕ್ಕೆಗಳು ಶಾಖ ಹರಿಸುತ್ತವೆ, ಸದ್ದು ನುಂಗುತ್ತವೆ. ಎರಕದ ಕಾರ್ಖಾನೆಗಳು ಶಿವಮೊಗ್ಗದಲ್ಲೇ ಇವೆ. ಮಲೆನಾಡಿನ ಗಾಡಿಗೆ ಮಲೆನಾಡಿನಲ್ಲೇ ಡಿಸ್ಕ್ ಎರೆಸಬಹುದಲ್ಲ ಎಂದು ಕೇಳಿದೆ. ಹತ್ತಿಪ್ಪತ್ತು ತುಂಡಿಗೆ ಯಾರು ಅಚ್ಚು ಮಾಡುತ್ತಾರೆ ಎಂದು ಮೇಸ್ತ್ರಿ ಮರುಪ್ರಶ್ನೆ ಹಾಕಿದರು.

ಕಾನೂನಿನ ಮೋಡವೂ ಮೇಲಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಓದಿತು. ಹದಿನೈದು ವರ್ಷ ತುಂಬಿದ ಕಾರನ್ನು ಐದೈದು ವರ್ಷಕ್ಕೆ ಮರುನೋಂದಣಿಗೆ ಒಯ್ಯಬೇಕು. ಕಣ್ಣು ಕುಕ್ಕುವ ಬಂಪರು, ಕಿವಿ ಕೊರೆಯುವ ಸೈಲೆನ್ಸರುಗಳಿಗೆ ಬೀಗ ಹಾಕಿದ್ದು ಸರಿ. ಆದರೆ ಘಟ್ಟ ಇಳಿಯುವ ಹಳೆ ಗಾಡಿಗೆ ಮೇಲಾದ ಬ್ರೇಕ್ ಹಾಕಿ, ಅದನ್ನು ಯಂತ್ರದ ಮೇಲೆ ಪರೀಕ್ಷಿಸಿ, ಒಬ್ಬ ಎಂಜಿನಿಯರ್ ಸಹಿ ಹಾಕುವಂಥ ಸುಲಭ ದಾರಿಯೊಂದು ಇದ್ದರೆ ಈ ಕಸುಬು ಕದ್ದುಮುಚ್ಚಿ ನಡೆಯಬೇಕಿರಲಿಲ್ಲ ಎಂದು ನನಗನಿಸುತ್ತದೆ. ಅಂಥ ದಾರಿ ಇದ್ದರೆ ವೆಲ್ಡಿಂಗ್ ಬ್ರಾಕೆಟ್ ಹಚ್ಚಿ ದುಡ್ಡು ಎಣಿಸುವವರೂ ಜರಡಿಯಲ್ಲಿ ಸಿಗುತ್ತಿದ್ದರು.

ಗಿರಾಕಿಗಳು ಕಡಿಮೆ ಆಗುತ್ತಿದ್ದಾರೆ. ಅಂಬಾಸಿಡರ್ 2014ರಲ್ಲಿ ನಿಂತಿತು, ಜಿಪ್ಸಿ 2019ರಲ್ಲಿ. ಅದೇ 2019ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಅಂಥ ಗಾಡಿಯ ಬ್ರೇಕಿಗೆ ಮೇಸ್ತ್ರಿ ಕೈ ಹಾಕುವುದಿಲ್ಲ, ಹಾಕಲೂಬಾರದು ಎನ್ನುತ್ತಾರೆ. ಗುಜರಿಯಲ್ಲಿ ಹೊಂದುವ ಡಿಸ್ಕ್ ಸಿಗುವುದೂ ವಿರಳ. ಲೇತ್ ಕಲಿತ ಹುಡುಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನಡೆಸುವ ಯಂತ್ರದ ಮೇಲಿದ್ದಾನೆ, ಸಂಬಳ ಚೆನ್ನಾಗಿದೆ. ನೋಟ್‌ಬುಕ್ಕಿನ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋಗಿದ್ದಾನೆ. ಯಾವ ಅಂಕಿ ಇಂಚು, ಯಾವುದು ಮಿಲಿಮೀಟರ್ ಎಂದು ಕೇಳಲು ಆಗಾಗ ಫೋನ್ ಮಾಡುತ್ತಾನಂತೆ. ದೀಪಾವಳಿಗೆ ಊರಿಗೆ ಬಂದವನು ಹಬ್ಬದ ಮರುದಿನ ಲೇತಿನ ಮುಂದೆ ನಿಲ್ಲುತ್ತಾನೆ. ಕಣ್ಣಿಗೆ ಈಗ ಡಯಲ್ ಗೇಜಿನ ಗೆರೆ ಮಸುಕು ಎಂದು ಒಪ್ಪಿಕೊಳ್ಳುವ ಮೇಸ್ತ್ರಿ, ನಾಜೂಕಿನ ಹಬ್ಬು ಡಿಸ್ಕುಗಳನ್ನೆಲ್ಲ ಆ ವಾರಕ್ಕೆಂದೇ ಎತ್ತಿಡುತ್ತಾರೆ. ಹೋದ ವರ್ಷ ಅವನಿಗೆ ರಜೆ ಸಿಗಲಿಲ್ಲ.