ಕೆಲಸದವರು ನಮ್ಮ ಸಹೋದರರು
(ಜುಮಾ ಖುತ್ಬಾದ ಸಾರಾಂಶ)



ನಮ್ಮ ಹೆಮ್ಮರಗಾಲದ ಕಡೆಯಿಂದ ನಂಜನಗೂಡಿನ ಕಾರ್ಖಾನೆಗಳಿಗೆ ದುಡಿಯಲು ಹೋಗುವವರಿದ್ದಾರೆ. ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಬಾಳೆ ಮಂಡಿ ಇಟ್ಟು ನಾಲ್ಕು ಜನರಿಗೆ ಕೆಲಸ ಕೊಟ್ಟವರೂ ಇದ್ದಾರೆ. ಈ ಮಾತು ಇಬ್ಬರಿಗೂ ಸೇರಿದ್ದು.

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಕಾಣಿಸಿತು. ಅವರೂ ಅವರ ಸಂಪರ್ಕದವರೂ ಸೇರಿ 70ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು. ಆಗ 'ನಂಜನಗೂಡಿನವರು' ಎಂದರೆ ಜನ ದೂರ ಸರಿಯುತ್ತಿದ್ದರು. ಟೋಪಿ, ಗಡ್ಡ ಕಂಡರೂ ಅನುಮಾನ. ತಪ್ಪು ಮಾಡದೆ ತಲೆ ತಗ್ಗಿಸುವ ಆ ನೋವನ್ನು ನಾವು ಬಲ್ಲೆವು. ಅದನ್ನೇ ನಮ್ಮ ಕೈಕೆಳಗಿನವರಿಗೆ ಕೊಡುತ್ತಿಲ್ಲವೇ?

ಈಚೆಗೆ ನಮ್ಮವರದೇ ಒಂದು ಕೆಲಸದ ಜಾಗದಲ್ಲಿ ಟೀ ಕುಡಿದೆವು. ನಮಗೆ ಒಳ್ಳೆಯ ಲೋಟ. ದಲಿತ ಹುಡುಗನಿಗೆ ಕಿಟಕಿಯ ಮೂಲೆಯಲ್ಲಿಟ್ಟ ಬೇರೆ ಲೋಟ. ಕುಡಿದವನು ತಾನೇ ತೊಳೆದು ಅಲ್ಲೇ ಇಟ್ಟ. ಬಿಹಾರದಿಂದ ಬಂದವನಿಗೆ ಹೆಸರೇ ಇಲ್ಲ, 'ಏ ಹಿಂದಿ' ಎಂದರೆ ಓಡಿ ಬರಬೇಕು. ನಾವು ಅಂದು ಏನೂ ಹೇಳದೆ ಎದ್ದು ಬಂದೆವು. ಆ ಮೌನ ನಮ್ಮ ತಪ್ಪು. ಅದಕ್ಕೇ ಮಿಂಬರ್‌ನಿಂದ ಈ ವಿಷಯ ಎತ್ತಿದೆವು.

ಬುಖಾರಿಯಲ್ಲಿ ಒಂದು ಹದೀಸ್ ಇದೆ. ಅಬೂದರ್(ರ) ಒಮ್ಮೆ ಒಬ್ಬರನ್ನು ಅವರ ತಾಯಿಯ ವಿಷಯ ಎತ್ತಿ ಹಂಗಿಸಿದರು. ನಿಮ್ಮಲ್ಲಿ ಇನ್ನೂ ಅಜ್ಞಾನಕಾಲದ ಗುಣ ಉಳಿದಿದೆ ಎಂದು ಪ್ರವಾದಿ(ಸ) ಎಚ್ಚರಿಸಿದರು. ಕೈಕೆಳಗಿನವರು ಸಹೋದರರು, ತಾನು ಉಣ್ಣುವುದನ್ನೇ ಅವರಿಗೆ ಉಣಿಸಬೇಕು, ತೊಡುವುದನ್ನೇ ತೊಡಿಸಬೇಕು, ಶಕ್ತಿ ಮೀರಿದ ಕೆಲಸ ಹೊರಿಸಬಾರದು, ಹೊರಿಸಿದರೆ ಜೊತೆಗೆ ಕೈ ಹಾಕಬೇಕು ಎಂದು ಕಲಿಸಿದರು. ಮುಂದೆ ಅಬೂದರ್(ರ) ಮತ್ತು ಅವರ ಸೇವಕ ಒಂದೇ ಬಗೆಯ ಬಟ್ಟೆ ತೊಟ್ಟಿದ್ದನ್ನು ಕಂಡವರು ಕಾರಣ ಕೇಳಿದಾಗ, ಅವರು ಹೇಳಿದ್ದು ಈ ಪ್ರಸಂಗವನ್ನೇ.

ಗಮನಿಸಿ. ಹುಟ್ಟನ್ನು ಹಂಗಿಸುವ ಮಾತು, ಕೆಲಸಗಾರನ ಊಟ, ಬಟ್ಟೆ, ಹೊರೆ, ಎಲ್ಲವೂ ಒಂದೇ ಹದೀಸಿನಲ್ಲಿವೆ. ಅವು ಬದುಕಿನಲ್ಲಿಯೂ ಬೇರೆಯಲ್ಲ. ದಿನವೂ ಅವಮಾನ ಉಂಡವನು ಜ್ವರ ಬಂದರೂ ರಜೆ ಕೇಳಲು ಅಂಜುತ್ತಾನೆ. ಮಿಷನ್ ಕೆಟ್ಟಿದೆ ಎನ್ನಲೂ ಹಿಂಜರಿಯುತ್ತಾನೆ. ರಾತ್ರಿ ನಿದ್ದೆ ಹತ್ತದೆ, ಆ ಸಂಕಟವನ್ನು ಹೆಂಡತಿ ಮಕ್ಕಳ ಮೇಲೆ ತೀರಿಸುತ್ತಾನೆ.

ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರೆದುರು ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ 6 ತಿಂಗಳಿಂದ 5 ವರ್ಷದವರೆಗೆ ಜೈಲು. ಆದರೆ ಮುಅ್‌ಮಿನನಿಗೆ ಪೊಲೀಸರ ಭಯಕ್ಕಿಂತ ಅಲ್ಲಾಹನ ಭಯ ದೊಡ್ಡದು. ಅವನ ಬಳಿ ಗೌರವ ಸಿಗುವುದು ತಖ್ವಾದಿಂದ ಮಾತ್ರ, ಕುಲದಿಂದಲ್ಲ ಎಂಬುದು ಸೂರಃ ಹುಜುರಾತ್‌ನ 13ನೇ ಆಯತ್‌ನ ಬೋಧನೆ. ಅಡ್ಡಹೆಸರಿನಿಂದ ಕರೆಯುವುದನ್ನು 11ನೇ ಆಯತ್ ತಡೆದಿದೆ.

ಮಾಲೀಕರೇ, ಬೇರೆ ಲೋಟವನ್ನು ಇಂದೇ ತೆಗೆಯಿರಿ. ಕೆಲಸದವರನ್ನು ಅವರ ಹೆಸರಿನಿಂದ ಕರೆಯಿರಿ. ಕೂಲಿಯನ್ನು ಬೆವರು ಆರುವ ಮುನ್ನ ಕೊಡಿ. ಕಾರ್ಖಾನೆಗೆ ಹೋಗುವ ಯುವಕರೇ, ಪಕ್ಕದವನನ್ನು ಜಾತಿ, ಬಣ್ಣ, ಭಾಷೆಗಾಗಿ ಗೇಲಿ ಮಾಡಿದಾಗ ನಗಬೇಡಿ, ಅವನ ಪರ ನಿಲ್ಲಿ. ನಿಮ್ಮನ್ನೇ ಹಂಗಿಸಿದರೆ ದಿನಾಂಕ, ಆಡಿದ ಮಾತು ಬರೆದಿಟ್ಟು ಮೇಲಿನವರಿಗೆ ತಿಳಿಸಿ.

ಆ ಜಾಗಕ್ಕೆ ನಾವು ಮತ್ತೆ ಹೋಗುತ್ತೇವೆ. ಆ ಹುಡುಗನ ಪಕ್ಕದಲ್ಲಿ ಕುಳಿತು, ಅವನ ಲೋಟದಂಥದ್ದರಲ್ಲೇ ಟೀ ಕುಡಿಯುತ್ತೇವೆ, ಇನ್‌ಷಾ ಅಲ್ಲಾಹ್. ಅಲ್ಲಾಹನು ನಮ್ಮೆಲ್ಲರ ಹೃದಯದ ಅಹಂಕಾರವನ್ನು ತೊಳೆಯಲಿ. ಆಮೀನ್.