ಮಾವು, ಗೇರು ಒಂದೇ ಬಳಗ

ಮಾವಿನ ಮರ ಯಾರಿಗೆ ಗೊತ್ತಿಲ್ಲ? ಗೇರು ಮರವನ್ನು ಕಾಸರಗೋಡಿನವರು, ಗೋವಾದವರು ದಿನಾ ನೋಡ್ತಾರೆ. ಗೇರು ಬೀಜದ ತಿರುಳನ್ನು ಬಯಲುಸೀಮೆಯವರು ಗೋಡಂಬಿ ಅಂತಾರೆ. ಈ ಎರಡು ಮರಗಳ ಹಣ್ಣುಗಳಿಗೆ ಹೋಲಿಕೆಯೇ ಇಲ್ಲ. ಆದರೂ ಇವು ಒಂದೇ ಬಳಗ. ಸಸ್ಯಶಾಸ್ತ್ರದಲ್ಲಿ ಇಂಥ ಬಳಗಕ್ಕೆ ಕುಟುಂಬ ಎನ್ನುತ್ತಾರೆ. ಅಮಟೆ, ಕೇರು, ಪಿಸ್ತಾ ಕೂಡ ಇದೇ ಕುಟುಂಬದವು. ಇದರಲ್ಲಿ 800ಕ್ಕೂ ಹೆಚ್ಚು ಜಾತಿಯ ಗಿಡಮರಗಳಿವೆ. ಹೆಚ್ಚಿನವು ಸೆಕೆ ಇರುವ ನಾಡುಗಳಲ್ಲಿ ಬೆಳೆಯುತ್ತವೆ.

ಒಂದೇ ಬಳಗ ಅಂತ ಹೇಗೆ ಗುರುತಿಸ್ತಾರೆ? ಮೊದಲು ಹೂ ನೋಡಿ. ಮಾವಿನ ಹೂ ಬಲು ಚಿಕ್ಕದು. ಕೊಂಬೆಯ ತುದಿಯಲ್ಲಿ ಗೊಂಚಲಾಗಿ ಬಿಡುತ್ತದೆ. ಒಂದು ಹೂವಿಗೆ ಸಾಮಾನ್ಯವಾಗಿ ಐದು ಎಸಳು. ಗೇರಿನ ಹೂವೂ ಹಾಗೆಯೇ. ಮಾವಿನ ಒಂದು ಗೊಂಚಲಲ್ಲಿ ನೂರಾರು ಹೂ ಇರುತ್ತವೆ, ಕೆಲವೊಮ್ಮೆ ಸಾವಿರಾರು. ಬಹಳಷ್ಟು ಬರೀ ಗಂಡು ಹೂಗಳು. ಅವು ಕಾಯಿ ಕಟ್ಟುವುದಿಲ್ಲ. ಉಳಿದವುಗಳಲ್ಲೂ ಕಾಯಿ ಆಗುವುದು ಕೆಲವೇ. ಹೂ ಉದುರಿದ್ದು ಕಂಡು ಮರಕ್ಕೆ ದೃಷ್ಟಿ ತಾಗಿತು ಅಂತ ಕೊರಗಬೇಕಾಗಿಲ್ಲ.

ಗೇರು ಹಣ್ಣಿನದು ಒಂದು ತಮಾಷೆ. ನಾವು ಹಣ್ಣು ಅಂತ ತಿನ್ನುವುದು ಉಬ್ಬಿದ ತೊಟ್ಟು! ಅದರ ತುದಿಯಲ್ಲಿ ನೇತಾಡುವ ಬೀಜವೇ ನಿಜವಾದ ಹಣ್ಣು. ಗೋವಾದಲ್ಲಿ ಫೆನಿ ಮಾಡುವುದು ಆ ತೊಟ್ಟಿನ ರಸದಿಂದಲೇ. ಗೇರು ನಮ್ಮ ದೇಶದ ಮರವಲ್ಲ. 16ನೇ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದದ್ದು.

ಈ ಬಳಗದ ಇನ್ನೊಂದು ಗುರುತು ಸೊನೆ. ತೊಗಟೆಯ ಒಳಗೆ ಸಣ್ಣ ಸಣ್ಣ ನಾಳಗಳಿವೆ. ಅವುಗಳಲ್ಲಿ ಅಂಟಿನಂಥ ರಸ ಹರಿಯುತ್ತದೆ. ಬಳಗದ ಹಲವು ಮರಗಳ ಸೊನೆ ಮೈ ಸುಡುತ್ತದೆ. ಮಾವಿನಕಾಯಿ ಕಿತ್ತ ಕೂಡಲೇ ತೊಟ್ಟಿನಿಂದ ಸೊನೆ ಚಿಮ್ಮುತ್ತದಲ್ಲ, ಅದು ಮುಖಕ್ಕೆ ಬಿದ್ದರೆ ಚರ್ಮ ಕಪ್ಪಾಗಿ ಹುಣ್ಣಾಗಬಹುದು. ಕಾಯಿಗೆ ತಾಗಿದರೆ ಸಿಪ್ಪೆಯ ಮೇಲೆ ಕಪ್ಪು ಕಲೆ ಬೀಳುತ್ತದೆ, ಸಂತೆಯಲ್ಲಿ ಬೆಲೆ ಇಳಿಯುತ್ತದೆ. ಆದ್ದರಿಂದ ಕಾಯನ್ನು ತೊಟ್ಟು ಸಮೇತ ಕೊಯ್ಯಿರಿ. ಆಮೇಲೆ ತೊಟ್ಟು ಮುರಿದು ಬೋರಲು ಇಡಿ. ಸೊನೆ ಎಲ್ಲಾ ಇಳಿಯಲಿ.

ಗೇರು ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಇನ್ನೂ ಖಾರ. ತಿರುಳಿಗೆ ಮಾತ್ರ ಆ ಗುಣವಿಲ್ಲ. ಹಸಿ ಬೀಜವನ್ನು ಹಲ್ಲಿನಿಂದ ಕಚ್ಚಿದರೆ ತುಟಿ ಬೊಬ್ಬೆ ಏಳುತ್ತದೆ. ಮಕ್ಕಳು ಬೀಜವನ್ನು ಕೆಂಡಕ್ಕೆ ಹಾಕಿ ಸುಡುತ್ತಾರೆ. ಆಗ ಎಣ್ಣೆ ಭಗ್ಗನೆ ಹೊತ್ತಿಕೊಂಡು ಸಿಡಿಯುತ್ತದೆ. ಅದರ ಹೊಗೆಯೂ ಕೆಟ್ಟದ್ದು. ಮಕ್ಕಳನ್ನು ದೂರ ಇಡಿ.

ಕೇರು ಬೀಜಕ್ಕೆ ಸೊಲ್ಲಾಪುರದ ಕಡೆ ಬಿಬ್ಬಾ ಅಂತಾರೆ. ಹಿಂದೆ ಅಗಸರು ಅದರ ರಸದಿಂದ ಬಟ್ಟೆಗೆ ಗುರುತು ಹಾಕುತ್ತಿದ್ದರು. ಎಷ್ಟು ಒಗೆದರೂ ಆ ಕಪ್ಪು ಹೋಗುತ್ತಿರಲಿಲ್ಲ. ಅಂಥ ರಸವನ್ನು ಕಾಲಿನ ಒಡಕಿಗೆ ಹಚ್ಚುವವರು ಈಗಲೂ ಇದ್ದಾರೆ. ಒಡಕು ವಾಸಿಯಾಗುವುದಿರಲಿ, ಕಾಲೆಲ್ಲಾ ಬೊಬ್ಬೆ ಎದ್ದೀತು.

ಸೊನೆ ಮೈಗೆ ತಾಗಿದರೆ ತಡ ಮಾಡದೆ ಸೋಪು ಹಚ್ಚಿ ತುಂಬಾ ನೀರಿನಿಂದ ತೊಳೆಯಿರಿ. ಆ ಕೈಯಿಂದ ಕಣ್ಣು ಉಜ್ಜಬೇಡಿ. ಕಣ್ಣಿಗೇ ಬಿದ್ದರೆ ಬರೀ ನೀರಿನಿಂದ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ. ಬೊಬ್ಬೆ ಎದ್ದರೆ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ.