ಗಣಕದಿಂದ ಗಣಕಕ್ಕೆ

ಭತ್ತದ ಮೂಟೆಯೊಂದನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸಿದರೆ ಮೊದಲ ಮನೆಯ ಕಣಜ ಅಷ್ಟರಮಟ್ಟಿಗೆ ಬರಿದಾಗುತ್ತದೆ. ಆದರೆ ಒಂದು ಗಣಕಯಂತ್ರದಲ್ಲಿರುವ ಛಾಯಾಚಿತ್ರವನ್ನೋ ಬರಹದ ಕಡತವನ್ನೋ ಇನ್ನೊಂದಕ್ಕೆ ಕಳುಹಿಸಿದಾಗ ಹೀಗಾಗುವುದಿಲ್ಲ. ಮೂಲವು ಇದ್ದಲ್ಲಿಯೇ ಇರುತ್ತದೆ. ಅದರ ಪ್ರತಿಯೊಂದು ಹೊಸ ಸ್ಥಳದಲ್ಲಿ ಸಿದ್ಧವಾಗುತ್ತದೆ. ಮೂಲವನ್ನೇ ಸ್ಥಳಾಂತರಿಸೆಂದು ನಾವು ಆಜ್ಞಾಪಿಸಿದರೂ ಯಂತ್ರವು ಮೊದಲು ಪ್ರತಿಮಾಡಿಕೊಂಡು, ಬಳಿಕ ಮೂಲವನ್ನು ಅಳಿಸುತ್ತದೆ. ಆದುದರಿಂದ ಈ ಕಾರ್ಯವನ್ನು ಸಾಗಾಣಿಕೆ ಎನ್ನುವುದಕ್ಕಿಂತ ಪ್ರತಿಲೇಖನ ಎನ್ನುವುದೇ ಹೆಚ್ಚು ಉಚಿತ.

ಪ್ರತಿಲೇಖನ ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ತಾಳೆಗರಿಯು ಹುಳು ತಿಂದು ಹಾಳಾಗುವ ಮೊದಲೇ ಲಿಪಿಕಾರರು ಅದರಲ್ಲಿದ್ದುದನ್ನು ಹೊಸ ಗರಿಗೆ ಇಳಿಸುತ್ತಿದ್ದರು. ಹತ್ತನೆಯ ಶತಮಾನದ ಪಂಪ, ರನ್ನರ ಕಾವ್ಯಗಳು ನಮಗೆ ದೊರೆತಿರುವುದು ಇಂಥ ಪ್ರತಿಗಳ ಮೂಲಕವೇ. ಆದರೆ ಬರೆಯುವವನ ಕಣ್ಣು ತಪ್ಪಿದರೆ ಅಕ್ಷರ ಬದಲಾಗುತ್ತಿತ್ತು, ಸಾಲು ಬಿಟ್ಟುಹೋಗುತ್ತಿತ್ತು. ಇಂದು ಲಿಪಿಕಾರನ ಕೆಲಸವನ್ನು ಯಂತ್ರ ಮಾಡುತ್ತದೆ. ಅದಕ್ಕೆ ಚಿತ್ರವೂ ಬರಹವೂ ಒಂದೇ. ಎರಡೂ ಸೊನ್ನೆ ಮತ್ತು ಒಂದು ಎಂಬ ಎರಡು ಅಂಕೆಗಳ ಸಾಲುಗಳು. ಒಂದೊಂದು ಅಂಕೆಗೆ ‘ಬಿಟ್’ ಎಂದೂ ೮ ಬಿಟ್‌ಗಳ ಗುಂಪಿಗೆ ‘ಬೈಟ್’ ಎಂದೂ ಹೆಸರು.

ಈ ಸಾಲುಗಳನ್ನು ಕಳುಹಿಸುವ ಮಾರ್ಗಗಳು ಮುಖ್ಯವಾಗಿ ಎರಡು. ಮೊದಲನೆಯದು, ಪ್ರತಿಯನ್ನು ಸಣ್ಣ ಸಾಧನವೊಂದಕ್ಕೆ ಇಳಿಸಿಕೊಂಡು ಕೈಯಲ್ಲಿ ಒಯ್ಯುವುದು. ಹಿಂದೆ ಬಳಕೆಯಲ್ಲಿದ್ದ ಮೂರೂವರೆ ಅಂಗುಲದ ಫ್ಲಾಪಿಯು ೧.೪೪ ಮೆಗಾಬೈಟ್‌ಗಳಷ್ಟನ್ನು ಮಾತ್ರ ಹಿಡಿಯುತ್ತಿತ್ತು. ಇಂದಿನ ಮೊಬೈಲಿನ ಒಂದು ಚಿತ್ರಕ್ಕೇ ಎಷ್ಟೋ ಸಲ ಅಷ್ಟು ಸ್ಥಳ ಸಾಲದು. ಬೆರಳುದ್ದದ ಪೆನ್ ಡ್ರೈವ್ ೩೨ ಗಿಗಾಬೈಟ್‌ನದಾದರೆ, ತಲಾ ೪ ಮೆಗಾಬೈಟ್‌ನ ಸುಮಾರು ೮,೦೦೦ ಚಿತ್ರಗಳು ಅದರಲ್ಲಿ ಅಡಗುತ್ತವೆ. ಎರಡನೆಯದು, ತಂತಿಯ ಅಥವಾ ರೇಡಿಯೋ ಅಲೆಗಳ ಜಾಲದ ಮೂಲಕ ಕಳುಹಿಸುವುದು. ಒಂದು ಗಣಕವು ಕಡತವನ್ನು ಹೇಗೆ ಕೇಳಬೇಕು, ಇನ್ನೊಂದು ಹೇಗೆ ಕೊಡಬೇಕು ಎಂಬುದಕ್ಕೆ ಒಪ್ಪಿದ ನಿಯಮಗಳಿರಬೇಕು. ‘ಎಫ್‌ಟಿಪಿ’ ಎಂಬ ಅಂಥ ನಿಯಮಾವಳಿಯ ಮೊದಲ ರೂಪವನ್ನು ೧೯೭೧ರಲ್ಲಿ ರಚಿಸಿದವರು, ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ತೆರಳಿದ್ದ ಅಭಯ್ ಭೂಷಣ್ ಎಂಬುದು ನಮಗೆ ಹೆಮ್ಮೆಯ ಸಂಗತಿ.

ಯಂತ್ರಕ್ಕೆ ಆಯಾಸವಿಲ್ಲ, ನಿಜ. ಆದರೂ ಅದರ ಕೆಲಸ ಅರ್ಧಕ್ಕೆ ನಿಲ್ಲಬಹುದು. ಪ್ರತಿ ಮುಗಿಯಿತೆಂದು ಪರದೆಯ ಮೇಲೆ ಕಂಡರೂ ಕೊನೆಯ ಭಾಗವು ಗಣಕದ ತಾತ್ಕಾಲಿಕ ಸ್ಮೃತಿಯಲ್ಲಿಯೇ ಉಳಿದಿರಬಹುದು. ಆಗಲೇ ಪೆನ್ ಡ್ರೈವನ್ನು ಕಿತ್ತರೆ ಕಡತ ಕೆಡುತ್ತದೆ. ಅದನ್ನು ತೆಗೆಯುವ ಮುನ್ನ ಗಣಕದ ಅನುಮತಿ ಪಡೆಯಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ.

ಕನ್ನಡ ಬರಹಕ್ಕೆ ಇನ್ನೊಂದು ತೊಡಕುಂಟು. ಹಳೆಯ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಕನ್ನಡ ಅಕ್ಷರಗಳ ತುಣುಕುಗಳಿಗೆ ಬಳಸುತ್ತಿದ್ದರು. ಅಂಥ ಕಡತವನ್ನು ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಒಂದು ಬಿಟ್ಟೂ ನಷ್ಟವಾಗಿರುವುದಿಲ್ಲ. ಆದರೂ ಓದು ನಷ್ಟವಾಗಿರುತ್ತದೆ. ೧೯೯೧ರಲ್ಲಿ ಮೊದಲ ಆವೃತ್ತಿ ಪ್ರಕಟವಾದ ಯೂನಿಕೋಡ್ ಪದ್ಧತಿಯು ಕನ್ನಡದ ಅಕ್ಷರಗಳಿಗೆ ಅವುಗಳದೇ ಆದ ಸಂಖ್ಯೆಗಳನ್ನು ಕೊಟ್ಟಿತು. ಹಳೆಯ ಕಡತಗಳನ್ನು ಈ ಪದ್ಧತಿಗೆ ಪರಿವರ್ತಿಸಿಕೊಂಡರೆ ಅವು ಮುಂದೆಯೂ ಓದಲು ಸಿಗುತ್ತವೆ.

ಹಿಂದಿನ ಕಾಲದಲ್ಲಿ ಛಾಯಾಚಿತ್ರ ಕಳೆದುಹೋದರೆ ನೆಗೆಟಿವ್ ಇದ್ದವರು ಮತ್ತೊಂದನ್ನು ಮುದ್ರಿಸಿಕೊಳ್ಳುತ್ತಿದ್ದರು. ಗಣಕದ ಚಿತ್ರಕ್ಕೆ ನೆಗೆಟಿವ್ ಇಲ್ಲ. ಅದರ ಇನ್ನೊಂದು ಪ್ರತಿಯೇ ಅದಕ್ಕೆ ರಕ್ಷೆ. ಹಳೆಯ ಗಣಕವನ್ನು ಮಾರುವ ಆತುರದಲ್ಲಿ ಅದರಲ್ಲಿದ್ದುದನ್ನು ಅಳಿಸಿದ ಮೇಲೆ, ಅಜ್ಜಿಯ ಒಂದೇ ಒಂದು ಚಿತ್ರದ ಪ್ರತಿ ಅರೆಬರೆಯಾಗಿದೆಯೆಂದು ತಿಳಿದರೆ ಪ್ರಯೋಜನವೇನು? ಆದ್ದರಿಂದ ಮೊದಲು ಪ್ರತಿಮಾಡಬೇಕು. ಕಡತಗಳ ಸಂಖ್ಯೆಯನ್ನೂ ಗಾತ್ರವನ್ನೂ ಮೂಲದೊಡನೆ ತಾಳೆ ನೋಡಬೇಕು. ಹೊಸ ಗಣಕದಲ್ಲಿ ಅವನ್ನು ತೆರೆದು ಪರೀಕ್ಷಿಸಬೇಕು. ಬೇರೊಂದೆಡೆ ಮತ್ತೊಂದು ಪ್ರತಿಯನ್ನು ಇರಿಸಬೇಕು. ಮೂಲವನ್ನು ಅಳಿಸುವ ಕೆಲಸ ಇವೆಲ್ಲವೂ ಮುಗಿದ ಮೇಲಿನದು.